ಮುಂಗಾರಿಗೆ ಮುನ್ನ ಮನೆಯ ವಿದ್ಯುತ್ತು

ಮುಂಗಾರು ಸಮೀಪಿಸುತ್ತಿದ್ದಂತೆ ನಮ್ಮ ಹಿರಿಯರು ತಪ್ಪದೆ ಮಾಡಿಸುತ್ತಿದ್ದ ಕೆಲಸವೊಂದಿತ್ತು. ಬಯಲುಸೀಮೆಯಲ್ಲಿ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ ಬಡಿಸುತ್ತಿದ್ದರು. ಮಲೆನಾಡಿನಲ್ಲಿ ಹೆಂಚು ಕೈಯಾಡಿಸಿ, ಒಡೆದುದನ್ನು ತೆಗೆದು ಹೊಸದನ್ನು ಹೊದಿಸುತ್ತಿದ್ದರು. ಸೋರಿದ ಮೇಲೆ ನೋಡೋಣವೆಂದು ಯಾವ ಸದ್ಗೃಹಸ್ಥನೂ ಕುಳಿತಿರುತ್ತಿರಲಿಲ್ಲ. ಅದೇ ಮನೆಯ ಗೋಡೆಗಳಲ್ಲಿ ಹರಿಯುವ ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಬಹುಪಾಲು ಕುಟುಂಬಗಳು ಸೋರಿದ ಮೇಲೆ ನೋಡುವ ಪದ್ಧತಿಯನ್ನೇ ಹಿಡಿದಿವೆ. ಮಾಳಿಗೆ ಸೋರಿದರೆ ನೆಲದ ಮೇಲೆ ನೀರು ಕಾಣುತ್ತದೆ. ವಿದ್ಯುತ್ತು ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಒದ್ದೆಗೈಯಿಂದ ಯಾರಾದರೂ ಮುಟ್ಟಿದಾಗಲೇ ಅದರ ಸುಳಿವು ದೊರೆಯುವುದು. ಆ ಕಾರಣದಿಂದ ಈ ತಿಂಗಳ ಪುಟವನ್ನು ಈ ವಿಷಯಕ್ಕೇ ಮೀಸಲಿರಿಸಿದ್ದೇವೆ.

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು 1905ರಲ್ಲಿ. ಹಳ್ಳಿಯ ಮನೆಗಳಿಗೆ ಅದು ತಲುಪಲು ಮತ್ತೆ ಹಲವು ದಶಕಗಳೇ ಹಿಡಿದವು. ಆಗ ಬಂದ ಸಂಪರ್ಕದ ಉದ್ದೇಶ ಎರಡು ಮೂರು ಬಲ್ಬು, ಒಂದು ರೇಡಿಯೋ. ಅನುಕೂಲಸ್ಥರಾದರೆ ಒಂದು ಫ್ಯಾನು. ತೊಲೆಗಳ ಪಕ್ಕದಲ್ಲಿ ಮರದ ಪಟ್ಟಿ ಬಡಿದು, ಅದರ ಮೇಲೆ ತಂತಿ ಎಳೆದು, ಎರಡು ರಂಧ್ರದ ಸಾಕೆಟ್ಟು ಕೂರಿಸಿ ಹೋದರು. ಅಂದಿನ ಹೊರೆಗೆ ಅಷ್ಟು ಸಾಕಾಗಿತ್ತು. ಇಂದು ಅದೇ ತಂತಿಯಿಂದ ಕವಲು ತೆಗೆದು ಫ್ರಿಜ್ಜು, ಮಿಕ್ಸರು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಮೋಟಾರು, ಗೀಜರುಗಳನ್ನು ನಡೆಸುತ್ತಿದ್ದೇವೆ. 60 ವ್ಯಾಟಿನ ಬಲ್ಬು ಎಳೆಯುತ್ತಿದ್ದುದು ಕಾಲು ಆಂಪಿಯರಿನಷ್ಟು ಪ್ರವಾಹ. 2,000 ವ್ಯಾಟಿನ ಗೀಜರು ಎಳೆಯುವುದು ಸುಮಾರು ಒಂಬತ್ತು ಆಂಪಿಯರ್. ತಂತಿಯಲ್ಲಿ ಹರಿಯುವ ಪ್ರವಾಹ ಎರಡರಷ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆಂಬುದು ಪ್ರೌಢಶಾಲೆಯ ಮಕ್ಕಳಿಗೂ ತಿಳಿದ ಲೆಕ್ಕ. ಆದರೆ ಮನೆಗೆ ಹೊಸ ಸಾಮಾನು ಬಂದ ದಿನ ಆ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಇದಕ್ಕಿಂತ ಅಪಾಯಕರವಾದುದು ಒಂದು ಮಾತು. “ಫ್ರಿಜ್ಜು ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟಿರಿ ಅತ್ತಿಗೆ” ಎಂದು ಮನೆಗೆ ಬಂದ ನೆಂಟರಿಗೆ ನಗುತ್ತಲೇ ಹೇಳುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಜುಮ್ಮೆನ್ನುವುದೆಂದರೆ ಸೋರಿಕೆ ಆರಂಭವಾಗಿದೆಯೆಂದೇ ಅರ್ಥ. ಇಂದು ಒಣಗಿದ ನೆಲದ ಮೇಲೆ ನಿಂತವರಿಗೆ ಜುಮ್ಮೆಂದದ್ದು, ನಾಳೆ ಮನೆ ತೊಳೆದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರನ್ನು ಬಿಡದೆ ಹಿಡಿಯಬಹುದು. ಸೋರಿಕೆ ಅಷ್ಟೇ ಇರುತ್ತದೆ. ಬದಲಾಗುವುದು ನಮ್ಮ ಮೈಯ ತೇವ ಮಾತ್ರ.

“ಏನಾದರೂ ಆದರೆ ಫ್ಯೂಜು ಹೋಗುತ್ತದೆಯಲ್ಲವೇ? ನಾವು ಎಂ.ಸಿ.ಬಿ. ಹಾಕಿಸಿದ್ದೇವೆ” ಎಂಬ ಧೈರ್ಯ ಅನೇಕರಲ್ಲಿದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಫ್ಯೂಜಾಗಲಿ ಎಂ.ಸಿ.ಬಿ.ಯಾಗಲಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ. ಅಷ್ಟು ಪ್ರವಾಹ ಮೀರುವವರೆಗೆ ಸುಮ್ಮನಿರಲೆಂದೇ ತಯಾರಾದದ್ದು. ಮನುಷ್ಯನ ದೇಹಕ್ಕೆ ಬೇಕಾದದ್ದು ಎಷ್ಟು? ಸುಮಾರು 10 ಮಿಲಿ ಆಂಪಿಯರ್, ಅಂದರೆ ಆಂಪಿಯರಿನ ನೂರರಲ್ಲಿ ಒಂದು ಭಾಗ ಹರಿದರೆ ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಲಾರದಂತಾಗುತ್ತದೆ. 30 ಮಿಲಿ ಆಂಪಿಯರ್ ಮೀರಿದ ಪ್ರವಾಹ ಸ್ವಲ್ಪ ಹೊತ್ತು ಹರಿದರೆ ಉಸಿರಿಗೂ ಹೃದಯದ ಲಯಕ್ಕೂ ಅಪಾಯ. ಹಿಂದೆ ಮಲಗುವ ಕೋಣೆಯಲ್ಲಿ ಉರಿಸುತ್ತಿದ್ದ 15 ವ್ಯಾಟಿನ ಝೀರೋ ಬಲ್ಬು ನೆನಪಿದೆಯಷ್ಟೆ? ಅದು ಎಳೆಯುತ್ತಿದ್ದುದು 65 ಮಿಲಿ ಆಂಪಿಯರ್. ಆ ಸಣ್ಣ ದೀಪ ಉರಿಯುವಷ್ಟು ಪ್ರವಾಹ ದಾರಿ ತಪ್ಪಿ ಎದೆಯ ಮೂಲಕ ಹಾದರೆ ಪ್ರಾಣಕ್ಕೆ ಸಂಚಕಾರ. ಆಗ ಗೋಡೆಯ ಮೇಲಿನ ಎಂ.ಸಿ.ಬಿ. ತನ್ನ ಮನೆಯಲ್ಲಿ ಒಂದು ಪುಟ್ಟ ದೀಪ ಉರಿಯುತ್ತಿದೆಯೆಂದಷ್ಟೇ ತಿಳಿದು ಸುಮ್ಮನಿರುತ್ತದೆ. ಇನ್ನು ಹಳೆಯ ಪಿಂಗಾಣಿ ಫ್ಯೂಜಿಗೆ, ಪದೇ ಪದೇ ಹೋಗುತ್ತದೆಂದು ನಾಲ್ಕಾರು ಎಳೆ ತಾಮ್ರದ ತಂತಿ ಸುತ್ತಿಟ್ಟವರ ಮನೆಯಲ್ಲಿ ಅದು ತಂತಿಯನ್ನೂ ಕಾಯುವುದಿಲ್ಲ.

ಮನುಷ್ಯನನ್ನು ಕಾಯುವವು ಎರಡು: ಒಳ್ಳೆಯ ಅರ್ತಿಂಗ್, ಮತ್ತು ಆರ್.ಸಿ.ಸಿ.ಬಿ. ಎಂಬ ಉಪಕರಣ.

ಅರ್ತಿಂಗ್ ಎಂದರೆ ಸೋರಿದ ವಿದ್ಯುತ್ತು ನಮ್ಮ ಮೈಯನ್ನು ಹುಡುಕಿಕೊಂಡು ಬರುವ ಮೊದಲೇ ಅದಕ್ಕೊಂದು ಸುಲಭವಾದ ದಾರಿ ಮಾಡಿಕೊಟ್ಟು ಭೂಮಿಗೆ ಇಳಿಸುವ ಏರ್ಪಾಡು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಕಡ್ಡಿ ಇದಕ್ಕಾಗಿಯೇ ಇರುವುದು. ಉಳಿದೆರಡಕ್ಕಿಂತ ಅದು ತುಸು ಉದ್ದವಾಗಿರುವುದಕ್ಕೂ ಕಾರಣವಿದೆ. ಪ್ಲಗ್ಗು ಚುಚ್ಚುವಾಗ ಭೂಮಿಯ ಸಂಪರ್ಕ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಆ ಕಡ್ಡಿಯನ್ನೇ ಕಿತ್ತೆಸೆಯುವುದು, ಇಲ್ಲವೆ ಎರಡು ಕಡ್ಡಿಯ ಅಡಾಪ್ಟರ್ ಸಿಕ್ಕಿಸುವುದು ಎಂಥ ಕೆಲಸವೆಂಬುದನ್ನು ಓದುಗರೇ ಊಹಿಸಬಹುದು.

ಭೂಮಿಯೊಳಗಿನ ಭಾಗವನ್ನಂತೂ ಮನೆ ಕಟ್ಟಿದ ಮೇಲೆ ಯಾರೂ ನೋಡಿರುವುದಿಲ್ಲ. ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಹುಗಿದು ಸುತ್ತಲೂ ಇದ್ದಿಲು, ಉಪ್ಪು ತುಂಬಿರುತ್ತಾರೆ. ಉಪ್ಪು ತೇವವನ್ನು ಹಿಡಿದಿಟ್ಟು ಪ್ರವಾಹಕ್ಕೆ ದಾರಿ ಸುಗಮಗೊಳಿಸುತ್ತದೆ; ಅದೇ ಉಪ್ಪು ವರ್ಷಗಳು ಕಳೆದಂತೆ ಪೈಪನ್ನು ತಿನ್ನುತ್ತದೆ. ಇಪ್ಪತ್ತೈದು ವರ್ಷದ ಹಿಂದಿನ ಗುಂಡಿಯಲ್ಲಿ ಪೈಪು ಉಳಿದಿದೆಯೋ ತುಕ್ಕಿನ ಪುಡಿ ಉಳಿದಿದೆಯೋ ಅಗೆದು ನೋಡಿದವರೇ ಬಲ್ಲರು. ಅಂಗಳಕ್ಕೆ ಕಲ್ಲು ಹಾಸುವಾಗ ಗುಂಡಿಯನ್ನೇ ಮುಚ್ಚಿಬಿಟ್ಟ ಮನೆಗಳೂ ಉಂಟು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದೆರಡು ಕೊಡ ನೀರು ಹಾಕಬೇಕೆಂಬ ಹಳೆಯ ವಾಡಿಕೆ ಸರಿಯಾದದ್ದೇ. ಎರೆಭೂಮಿಯಲ್ಲಿ ತೇವ ಬಹುಕಾಲ ನಿಲ್ಲುತ್ತದೆ. ಚಿತ್ರದುರ್ಗದಂತಹ ಕಲ್ಲುನೆಲದಲ್ಲಿ ಬೇಗ ಆರುತ್ತದೆ. ಪರೀಕ್ಷೆಯನ್ನು ಮಳೆಗಾಲದಲ್ಲಲ್ಲ, ಯುಗಾದಿ ಕಳೆದು ನೆಲ ಪೂರ್ತಿ ಒಣಗಿರುವಾಗ ಮಾಡಿಸಬೇಕು ಎನ್ನುವುದು ಇದೇ ಕಾರಣದಿಂದ. ಒಣನೆಲದಲ್ಲಿ ತೇರ್ಗಡೆಯಾದ ಅರ್ತಿಂಗ್ ಮಳೆಗಾಲದಲ್ಲಿ ತಾನಾಗಿಯೇ ತೇರ್ಗಡೆಯಾಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟಿನ ಬಲ್ಬು ಹಿಡಿದು, “ನೋಡಿ ಅಪ್ಪಾರೆ, ಹೇಗೆ ಉರಿಯುತ್ತಿದೆ! ಅರ್ತಿಂಗ್ ಚೊಕ್ಕ ಇದೆ” ಎಂದು ಹೇಳಿ ಹೋಗುವ ಕೆಲಸಗಾರರು ಬಹಳ. ಆ ಬಲ್ಬು ಉರಿಯುವಾಗ ಅದರದೇ ರೋಧ ಐನೂರು ಓಮಿಗೂ ಹೆಚ್ಚು. ಅದರ ಮುಂದೆ ಅರ್ತಿನ ರೋಧ 50 ಓಮ್ ಇದ್ದರೂ ಬಲ್ಬು ಝಗಝಗಿಸಿಯೇ ಉರಿಯುತ್ತದೆ. ಆದರೆ 50 ಓಮಿನ ಅರ್ತಿಂಗ್ ಇದ್ದೂ ಇಲ್ಲದ ಹಾಗೆ. ಲೆಕ್ಕ ನೋಡಿರಿ: 230 ವೋಲ್ಟಿಗೆ 20 ಓಮ್ ಅಡ್ಡವಿದ್ದರೂ ಭೂಮಿಗೆ ಇಳಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಗೀಜರಿನ 16 ಆಂಪಿಯರ್ ಎಂ.ಸಿ.ಬಿ. ಅದಕ್ಕೆ ಬೀಳುವುದೇ ಇಲ್ಲ. ಗೀಜರಿನ ಮೈ, ನಲ್ಲಿ, ನೀರು ಎಲ್ಲವೂ ವಿದ್ಯುತ್ ತುಂಬಿಕೊಂಡು ಹಾಗೆಯೇ ಇರುತ್ತವೆ. ಆದುದರಿಂದ ಅರ್ತ್ ಮೆಗ್ಗರ್ ಎಂಬ ಮಾಪಕ ತಂದು ಅಳೆದು, ಇಷ್ಟು ಓಮ್ ಎಂದು ಬರೆದುಕೊಡುವವರನ್ನೇ ಕರೆಯಿಸಬೇಕು.

ಮತ್ತೊಂದು ದುರಭ್ಯಾಸವನ್ನೂ ಹೇಳಿಬಿಡುತ್ತೇವೆ. ಅರ್ತಿನ ತಂತಿ ಎಳೆಯುವ ಶ್ರಮ ತಪ್ಪಿಸಲು ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನೇ ಅರ್ತಿನ ರಂಧ್ರಕ್ಕೆ ಜೋಡಿಸಿಬಿಡುತ್ತಾರೆ. ಮೇಲುನೋಟಕ್ಕೆ ಎಲ್ಲವೂ ನಡೆಯುತ್ತದೆ. ಮುಂದೆಂದೋ ಒಂದು ದಿನ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಗೇ 230 ವೋಲ್ಟ್ ಬಂದು ಕೂರುತ್ತದೆ. ಯಾವ ಕಾರಣಕ್ಕೂ ಇದಕ್ಕೆ ಒಪ್ಪತಕ್ಕದ್ದಲ್ಲ.

ಅರ್ತಿಂಗ್ ಎಷ್ಟೇ ಚೆನ್ನಾಗಿದ್ದರೂ ಅದೊಂದರ ಮೇಲೆ ಭಾರ ಹಾಕಲಾಗದೆಂಬುದು ಮೇಲಿನ ಲೆಕ್ಕದಿಂದ ತಿಳಿಯಿತು. ಆರ್.ಸಿ.ಸಿ.ಬಿ. ಬೇಕಾಗುವುದು ಇಲ್ಲಿಯೇ. ಜನರ ಬಾಯಲ್ಲಿ ಇದು ಇನ್ನೂ ಇ.ಎಲ್.ಸಿ.ಬಿ. ಎಂದೇ ಇದೆ. ಇದರ ಕೆಲಸ ಒಬ್ಬ ಕಟ್ಟುನಿಟ್ಟಿನ ಕರಣಿಕನ ಕೆಲಸ. ಫೇಸಿನಲ್ಲಿ ಹೋದ ಪ್ರವಾಹವೆಷ್ಟು, ನ್ಯೂಟ್ರಲ್ಲಿನಲ್ಲಿ ಮರಳಿ ಬಂದದ್ದೆಷ್ಟು ಎಂದು ಎಡೆಬಿಡದೆ ಹೋಲಿಸಿ ನೋಡುತ್ತಿರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ, ಎಲ್ಲೋ ಸೋರುತ್ತಿದೆಯೆಂದು ಸೆಕೆಂಡಿನ ಮೂರನೆಯ ಒಂದು ಭಾಗ ಮುಗಿಯುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ಅರ್ತಿಂಗ್ ಸರಿಯಿದ್ದಲ್ಲಿ ಉಪಕರಣ ಕೆಟ್ಟ ಕ್ಷಣದಲ್ಲೇ ಕಡಿಯುತ್ತದೆ. ಅರ್ತಿಂಗ್ ಇಲ್ಲದಿದ್ದಲ್ಲಿ ಯಾರಾದರೂ ಮುಟ್ಟಿದ ಕ್ಷಣದಲ್ಲಿ ಕಡಿಯುತ್ತದೆ. ಎರಡೂ ಜೊತೆಗಿರಬೇಕೆನ್ನುವುದು ಈ ಅಂತರಕ್ಕಾಗಿ. ಮನೆಗೆ ಕೊಳ್ಳುವಾಗ 30 ಮಿಲಿ ಆಂಪಿಯರಿನದನ್ನೇ ಕೇಳಬೇಕು. 100, 300ರವು ಬೆಂಕಿ ತಡೆಯಲು ಬಳಕೆಯಾಗುವಂಥವು, ಜೀವ ಉಳಿಸುವುದಕ್ಕಲ್ಲ. ಅದರ ಮುಖದ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯಿರುತ್ತದೆ. ಒತ್ತಿದರೆ ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಉಪಕರಣ ಸತ್ತಿದೆಯೆಂದು ತಿಳಿಯಬೇಕು. ತಿಂಗಳಿಗೊಮ್ಮೆ, ಪ್ರತಿ ಅಮಾವಾಸ್ಯೆಯ ದಿನ ಮನೆ ತೊಳೆಯಲು ಆರಂಭಿಸುವ ಮೊದಲು ಒತ್ತಿ ನೋಡುವ ರೂಢಿ ಇಟ್ಟುಕೊಂಡರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಇದಕ್ಕೂ ಒಂದು ಮಿತಿಯುಂಟು: ಒಣ ಮಣೆಯ ಮೇಲೆ ನಿಂತು ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲ್ಲನ್ನೂ ಹಿಡಿದವನನ್ನು ಅದು ಕಾಪಾಡಲಾರದು, ಅದರ ಕಣ್ಣಿಗೆ ಅವನೂ ಒಂದು ಬಲ್ಬು.

ಹಳೆಯ ಮನೆಗೆ ಇದನ್ನು ಹಾಕಿದೊಡನೆ ಪದೇ ಪದೇ ಬೀಳತೊಡಗುತ್ತದೆ. ಮನೆಯವರಿಗೆ ಬೇಸರ, ಕೆಲಸಗಾರನಿಗೆ ಮುಜುಗರ. “ಇದು ನಿಮ್ಮ ಮನೆಗೆ ಆಗಿಬರುವುದಿಲ್ಲ” ಎಂದು ಹೇಳಿ ಅವನು ಅದನ್ನು ಬಳಸಿ ಹೋಗುವಂತೆ ನೇರ ತಂತಿ ಕೊಟ್ಟುಬಿಡುತ್ತಾನೆ. ಆಗಿಬರದೆ ಇರುವುದು ಉಪಕರಣವಲ್ಲ, ಮನೆಯ ತಂತಿ. ಎಲ್ಲಿ ಸೋರುತ್ತಿದೆಯೆಂದು ಒಂದೊಂದೇ ಕವಲು ಬಿಡಿಸಿ ಹುಡುಕಬೇಕಾದ ಸಂದರ್ಭವದು. ಸೋರುವ ಮಾಳಿಗೆಯ ಕೆಳಗಿಟ್ಟ ಪಾತ್ರೆ ಬೇಗ ತುಂಬುತ್ತದೆಂದು ಪಾತ್ರೆಯನ್ನು ಎತ್ತಿ ಆಚೆ ಇಡುವುದುಂಟೇ?

ಬೆಂಕಿಯ ಮಾತು ಬೇರೆ. ಅಲ್ಲಿ ಅಪರಾಧಿ ಬಹುಮಟ್ಟಿಗೆ ಸಡಿಲವಾದ ಜೋಡಣೆ. ಕೆಲವು ದಶಕಗಳ ಹಿಂದೆ ಅನೇಕ ಮನೆಗಳಿಗೆ ಅಲ್ಯುಮಿನಿಯಂ ತಂತಿ ಹಾಕಿದ್ದರು. ಅದರ ಮೇಲೆ ಬೇಗ ಪೊರೆ ಕಟ್ಟುತ್ತದೆ. ಹಿತ್ತಾಳೆಯ ಸ್ಕ್ರೂ ಕೆಳಗೆ ಕಾದು, ಆರಿ, ಕಾದು, ಆರಿ ಸಡಿಲವಾಗುತ್ತದೆ. ಸಡಿಲವಾದಲ್ಲಿ ಶಾಖ ಹೆಚ್ಚಿ, ಸ್ವಿಚ್ಚು ಕಂದುಬಣ್ಣಕ್ಕೆ ತಿರುಗುತ್ತದೆ. ಮುಟ್ಟಿದರೆ ಬೆಚ್ಚಗಾಗುವ ಸ್ವಿಚ್ಚು, ಪ್ಲಾಸ್ಟಿಕ್ ಸುಟ್ಟ ವಾಸನೆ, ಮೋಟಾರು ಹಾಕಿದಾಗ ಮಂಕಾಗುವ ದೀಪ, ಚಿಟಿಚಿಟಿ ಸದ್ದು, ಇವು ಯಾವುವನ್ನೂ ನಾಳೆಗೆ ಮುಂದೂಡಬಾರದು. ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರಿನ ಸಾಕೆಟ್ಟಿಗೆ ಎರಡೂವರೆ, ಗೀಜರು ಮತ್ತು ಹವಾನಿಯಂತ್ರಕಕ್ಕೆ ಪ್ರತ್ಯೇಕವಾಗಿ ಎಳೆದ ನಾಲ್ಕು, ಇದು ರೂಢಿಯಲ್ಲಿರುವ ಅಳತೆ. ಐ.ಎಸ್.ಐ. ಮುದ್ರೆಯಿಲ್ಲದ ತಂತಿ ಎಷ್ಟು ಅಗ್ಗವಾದರೂ ಬೇಡ. ಟಿ.ವಿ.ಗೆಂದು ತಂದ ಎಕ್ಸ್‌ಟೆನ್ಷನ್ ಪೆಟ್ಟಿಗೆಗೆ ಇಸ್ತ್ರಿಪೆಟ್ಟಿಗೆ, ಗೀಜರು ಸಿಕ್ಕಿಸುವುದೂ ಬೇಡ.

ಇನ್ನು ದಿನನಿತ್ಯದ ಬಳಕೆಯ ಕಡೆಗೆ. ಬೆಳಗಿನ ಜಾವ ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಂದಿಗೂ ನಮ್ಮ ಊರುಕೇರಿಗಳಲ್ಲಿ ಬಳಕೆಯಲ್ಲಿದೆ. ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡಿ ಪ್ರಾಣ ಕಳೆದುಕೊಂಡವರ ಸುದ್ದಿ ವರ್ತಮಾನಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು; ಏಕೆಂದರೆ ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ಲಿಗೆ ಹಾಕಿರುತ್ತಾರೆ, ಆರಿಸಿದರೂ ಫೇಸು ಕಾಯಿಲಿನಲ್ಲಿ ಉಳಿದೇ ಇರುತ್ತದೆ. ಕಬ್ಬಿಣದ ಬಕೆಟ್ಟು ಕೂಡದು. ಮಕ್ಕಳಿರುವ ಮನೆಯಲ್ಲಿ ಕಾಯಿಲನ್ನೇ ಬಿಡುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಹಿತ್ತಿಲ ಹಂಡೆಯೊಲೆ ಎಷ್ಟೋ ಸುರಕ್ಷಿತವಾಗಿತ್ತು.

ಬಟ್ಟೆ ಒಣಹಾಕಲು ಕಟ್ಟುವ ಕಬ್ಬಿಣದ ತಂತಿ ಮತ್ತೊಂದು. ಒಂದು ತುದಿಯನ್ನು ತಗಡಿನ ಸೂರಿಗೋ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಹಿಡಿದ ಕಬ್ಬಿಣದ ಕೊಳವೆಗೋ ಬಿಗಿದಿರುತ್ತಾರೆ. ಗಾಳಿಗೆ ಉಜ್ಜಿ ಉಜ್ಜಿ ಸರ್ವಿಸ್ ವೈರಿನ ಹೊದಿಕೆ ಕಿತ್ತುಹೋದರೆ ಆ ತಗಡು, ಆ ತಂತಿ, ಅದರ ಮೇಲಿನ ಒದ್ದೆ ಸೀರೆ ಎಲ್ಲಕ್ಕೂ ವಿದ್ಯುತ್ತು ವ್ಯಾಪಿಸುತ್ತದೆ. ಒಬ್ಬರು ಹಿಡಿದಾಗ ಬಿಡಿಸಲು ಹೋದ ಇನ್ನೊಬ್ಬರೂ ಜೊತೆಗೇ ಹೋಗುವುದು ಇಂತಹ ದುರಂತಗಳಲ್ಲಿಯೇ. ಈ ಸೋರಿಕೆ ಮೀಟರಿಗೂ ಹಿಂದಿನದಾದ್ದರಿಂದ ಮನೆಯ ಆರ್.ಸಿ.ಸಿ.ಬಿ.ಗೆ ಇದರ ಅರಿವೇ ಆಗುವುದಿಲ್ಲ. ಕಬ್ಬಿಣದ ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟುವುದಕ್ಕೆ ಅರ್ಧ ಗಂಟೆ ಸಾಕು. ಸಂಪು ತೊಳೆಯಲು ಇಳಿಯುವವರೂ ಮೋಟಾರಿನ ಪ್ಲಗ್ಗನ್ನು ಕಿತ್ತೇ ಇಳಿಯಬೇಕು.

ದೇವರ ಜಗಲಿಯ ಸುತ್ತ ಬಣ್ಣದ ಸೀರಿಯಲ್ ದೀಪಗಳನ್ನು ಬಿಟ್ಟು ಹಗಲಿರುಳು ಉರಿಸುವ ರೂಢಿ ಹೆಚ್ಚಾಗಿದೆ. ಅವುಗಳ ತಂತಿ ನೂಲಿನಷ್ಟು ತೆಳು. ಅಭಿಷೇಕ ಮಾಡಿದ ಕೈ ಒದ್ದೆ, ಪಕ್ಕದಲ್ಲಿ ನಂದಾದೀಪ, ಹತ್ತಿಯ ಬತ್ತಿ. ಪೂಜಾಸ್ಥಳದಲ್ಲಿ ಕೈಗೆಟಕುವಂತೆ ಯಾವ ವಿದ್ಯುತ್ ಸಂಪರ್ಕವನ್ನೂ ಇರಿಸದಿರುವುದು ಉಚಿತ.

ಇನ್‌ವರ್ಟರ್ ಇರುವ ಮನೆಯವರು ನೆನಪಿಡಬೇಕಾದದ್ದೊಂದಿದೆ. ಮೇನ್ ಸ್ವಿಚ್ ಆರಿಸಿದೊಡನೆ ಇನ್‌ವರ್ಟರ್ ತಾನೇ ಕೆಲಸ ವಹಿಸಿಕೊಂಡು ಮನೆಯ ಅರ್ಧ ಭಾಗಕ್ಕೆ 230 ವೋಲ್ಟ್ ಒದಗಿಸುತ್ತದೆ. ಕರೆಂಟು ಇಲ್ಲವೆಂಬ ನಂಬಿಕೆಯಿಂದ ಹೋಲ್ಡರಿಗೆ ಕೈ ಹಾಕಿದವರು ಮೋಸಹೋಗುತ್ತಾರೆ. ಅದರ ಹೊರಹರಿವಿಗೂ ಪ್ರತ್ಯೇಕ ಆರ್.ಸಿ.ಸಿ.ಬಿ. ಬೇಕೇ ಎಂದು ಬಲ್ಲವರಿಂದ ನೋಡಿಸುವುದು ಒಳಿತು.

ಇಷ್ಟಾದರೂ ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಮೊದಲು ಮೇನ್ ಸ್ವಿಚ್, ಜೊತೆಗೆ ಇನ್‌ವರ್ಟರ್ ಆರಿಸಬೇಕು. ಅದಾಗದಿದ್ದರೆ ಒಣ ಮರದ ಮಣೆಯ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಬೇಕು, ಬರಿಗೈಯಿಂದ ಎಳೆಯಬಾರದು. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈಯೂರಿ, ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ, ಬಲವಾಗಿ ಒತ್ತುತ್ತಿರಬೇಕು; ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮೈಯನ್ನು ಮಣ್ಣಿನಲ್ಲಿ, ಮರಳಿನಲ್ಲಿ ಹುಗಿದರೆ ಕರೆಂಟು ಇಳಿಯುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಬಿಡಿಸಿದ ಮೈಯಲ್ಲಿ ಕರೆಂಟು ಉಳಿದಿರುವುದೇ ಇಲ್ಲ; ಉಳಿದಿರುವುದು ನಿಂತ ಹೃದಯವನ್ನು ಮತ್ತೆ ನಡೆಸಬಹುದಾದ ಕೆಲವೇ ನಿಮಿಷಗಳು. ಅವು ಗುಂಡಿ ತೋಡುವುದರಲ್ಲಿ ಕಳೆದುಹೋಗುತ್ತವೆ. ಎದ್ದು ಕುಳಿತು ಮಾತನಾಡಿದವರನ್ನೂ ಆಸ್ಪತ್ರೆಗೆ ಕರೆದೊಯ್ದು ಹೃದಯದ ಪರೀಕ್ಷೆ ಮಾಡಿಸಬೇಕು. ಬೆಂಕಿ ಹತ್ತಿದಲ್ಲಿ ಮೇನ್ ಆರಿಸುವವರೆಗೆ ನೀರು ಎರಚಬಾರದು.

ಯಾರನ್ನು ಕರೆಯಿಸುವುದು? ಜನ ಇನ್ನೂ ಕೆ.ಇ.ಬಿ. ಎಂದೇ ಕರೆಯುತ್ತಾರಾದರೂ ಆ ಮಂಡಳಿ 1999ರಲ್ಲಿ ನಿಗಮವಾಗಿ, 2002ರಿಂದ ವಿತರಣೆಯ ಕೆಲಸ ಪ್ರಾದೇಶಿಕ ಕಂಪನಿಗಳ ಪಾಲಾಗಿದೆ. ಕಂಬ, ಸರ್ವಿಸ್ ವೈರು, ಮೀಟರುಗಳ ದೂರಿಗೆ 1912ಕ್ಕೆ ಕರೆ ಮಾಡಬಹುದು. ಮೀಟರಿನಿಂದ ಈಚೆಗಿನದೆಲ್ಲ ಮನೆಯ ಯಜಮಾನನ ಹೊಣೆ. ಅದಕ್ಕೆ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರನ್ನೇ ಗೊತ್ತುಮಾಡಬೇಕು. ಆರ್.ಸಿ.ಸಿ.ಬಿ., ಹೊಸ ಅರ್ತಿನ ಗುಂಡಿ, ಕೂಲಿ ಎಲ್ಲ ಸೇರಿದರೂ ಮದುವೆಗೆ ಕೊಳ್ಳುವ ಒಂದು ಒಳ್ಳೆಯ ರೇಷ್ಮೆಸೀರೆಯ ಬೆಲೆಯನ್ನು ಮೀರುವುದು ಅಪರೂಪ. ಬಾಡಿಗೆಗೆ ಮನೆ ಕೊಟ್ಟವರು, ಇದು ಬಾಡಿಗೆದಾರರ ಪಾಡು ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗೋಡೆಯೊಳಗಿನ ತಂತಿಯನ್ನು ಬಾಡಿಗೆಯವರು ಬದಲಿಸಲಾರರು.

ಕೆಲಸ ಮುಗಿಸಿ ಹೊರಡುವ ಮೊದಲು ಗುತ್ತಿಗೆದಾರರಿಂದ ಒಂದು ಚೀಟಿ ಬರೆಯಿಸಿ ಸ್ವಿಚ್‌ಬೋರ್ಡ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿಕೊಳ್ಳಿರಿ: ಯಾವ ಎಂ.ಸಿ.ಬಿ. ಯಾವ ಕೋಣೆಯದು, ಅರ್ತಿನ ಗುಂಡಿ ಅಂಗಳದ ಯಾವ ಮೂಲೆಯಲ್ಲಿದೆ, ಅಳೆದ ತಾರೀಖು ಯಾವುದು, ಬಂದ ಓಮ್ ಎಷ್ಟು. ಮನೆಯ ಹೆಣ್ಣುಮಕ್ಕಳಿಗೂ ಹತ್ತು ವರ್ಷ ದಾಟಿದ ಮಕ್ಕಳಿಗೂ ಮೇನ್ ಸ್ವಿಚ್ ಎಲ್ಲಿದೆ, ಕತ್ತಲೆಯಲ್ಲಿ ಅದನ್ನು ಆರಿಸುವುದು ಹೇಗೆ ಎಂದು ಅದೇ ದಿನ ಒಮ್ಮೆ ಮಾಡಿ ತೋರಿಸಿರಿ.